ಮೂರು ತಂತಿಗಳ ಸೇವಕ

ಠಾಣೆ–ಬೇಲಾಪುರ ರಸ್ತೆಯ ಒಂದು ರಾಸಾಯನಿಕ ಕಾರ್ಖಾನೆಯ ಇನ್‌ಸ್ಟ್ರುಮೆಂಟ್ ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದು, ಬೆಳಿಗ್ಗೆ ಡೊಂಬಿವಲಿಯಿಂದ ಶಿಳ್‌ಫಾಟಾ, ಮಹಾಪೆಗಳ ಮಾರ್ಗವಾಗಿ ಕಂಪನಿಯ ಬಸ್ಸಿನಲ್ಲಿ ಹೋಗಿ ಸಂಜೆ ಅದೇ ಹಾದಿಯಲ್ಲಿ ಮರಳುತ್ತಿದ್ದ ನನಗೆ, ನಿವೃತ್ತನಾದ ಮೇಲೆ ಆ ವಿದ್ಯೆಯ ಅಗತ್ಯವು ಪುನಃ ಒದಗುವುದೆಂದಾಗಲಿ, ಒದಗಿದರೂ ಅದು ಮೊಮ್ಮಗನ ಕಾರಿನ ನಿಮಿತ್ತವಾಗಿ ಒದಗುವುದೆಂದಾಗಲಿ ಎಣಿಕೆಯಿರಲಿಲ್ಲ. ಕಾರೆಂದರೆ ರೇಡಿಯೋದಿಂದ ನಡೆಯುವ, ನಿಜವಾದ ವಾಹನದ ಹತ್ತರಲ್ಲೊಂದು ಅಳತೆಯ, ಸ್ಪ್ರಿಂಗು, ಗೇರು, ಚುಕ್ಕಾಣಿಗಳೆಲ್ಲವೂ ಯಥಾವತ್ತಾಗಿರುವ ಯಂತ್ರ. ಹನ್ನೆರಡು ವರ್ಷದ ಆ ಹುಡುಗನು ಎರಡು ದೀಪಾವಳಿಗಳ ಕಾಣಿಕೆಯ ಹಣವನ್ನು ಕೂಡಿಟ್ಟು ಅದನ್ನು ಕೊಂಡಿದ್ದನು. ಆದುದರಿಂದ ಆ ಮಳೆಗಾಲದ ಒಂದು ಭಾನುವಾರ ಅವನು ಕೆಸರು ಮೆತ್ತಿದ ಕಾರನ್ನು ಎದೆಗವಚಿಕೊಂಡು ಮೈದಾನದಿಂದ ಬಂದು, "ಅಜ್ಜಾ, ಮೊದಲು ಹತ್ತು ನಿಮಿಷ ಛಲೋ ಓಡ್ತದ, ಆಮೇಲೆ ಹೇಳಿದ ಮಾತು ಕೇಳಂಗಿಲ್ಲ" ಎಂದಾಗ, ಕಾರ್ಖಾನೆಯಲ್ಲಿ ರಾತ್ರಿ ಪಾಳಿಯ ಆಪರೇಟರು ಬಂದು ದೂರು ಹೇಳಿದಾಗ ಯಾವ ಗಾಂಭೀರ್ಯದಿಂದ ಕೇಳುತ್ತಿದ್ದೆನೋ ಅದೇ ಗಾಂಭೀರ್ಯದಿಂದ ಕೇಳಿದೆನು. ಕೇಳಿದೆನೇ ಹೊರತು, ಅವನ ಮಾತಿನ ಮೊದಲ ಭಾಗವನ್ನು ಮನಸ್ಸಿಗೆ ತೆಗೆದುಕೊಳ್ಳಲಿಲ್ಲ. ಮುಂದೆ ಮೂರು ವಾರಗಳ ಶ್ರಮಕ್ಕೂ ಖರ್ಚಿಗೂ ಈ ಒಂದು ಅಲಕ್ಷ್ಯವೇ ಕಾರಣವಾಯಿತು.

ಮುಂದಿನ ಗಾಲಿಗಳನ್ನು ಎಡಬಲಕ್ಕೆ ತಿರುಗಿಸುವ ನಾಲ್ಕು ಸೆಂಟಿಮೀಟರ್ ಉದ್ದದ ಪೆಟ್ಟಿಗೆಗೆ ಸರ್ವೊ ಎಂದು ಹೆಸರು. ಈ ಶಬ್ದದ ಮೂಲವು ದಾಸ, ಸೇವಕ ಎಂಬರ್ಥದ ಲ್ಯಾಟಿನ್ ಪದ. ಹಡಗಿನ ಭಾರವಾದ ಚುಕ್ಕಾಣಿಯನ್ನು ಉಗಿಯ ಬಲದಿಂದ ತಿರುಗಿಸುವ ಯಂತ್ರವನ್ನು ಕುರಿತು ಫ್ರಾನ್ಸಿನ ಎಂಜಿನಿಯರ್ ಜೋಸೆಫ್ ಫಾರ್ಕೊ 1873ರಲ್ಲಿ ಪ್ರಕಟಿಸಿದ ಗ್ರಂಥದಿಂದ ಅದು ಬಳಕೆಗೆ ಬಂದಿತು. ಎಂದರೆ ಆ ಹೆಸರು ಹುಟ್ಟಿದುದೇ ಚುಕ್ಕಾಣಿಯ ಸನ್ನಿಧಿಯಲ್ಲಿ. ಪೆಟ್ಟಿಗೆಯೊಳಗೆ ಒಂದು ಪುಟ್ಟ ಮೋಟಾರು, ಅದರ ವೇಗವನ್ನು ತಗ್ಗಿಸಿ ಬಲವನ್ನು ಹೆಚ್ಚಿಸುವ ಗೇರುಗಳ ಸಾಲು, ಕೊನೆಯ ಗೇರಿನ ದಂಡದೊಡನೆ ತಿರುಗುತ್ತ ಅದು ಎಲ್ಲಿ ನಿಂತಿದೆಯೆಂಬುದನ್ನು ತಿಳಿಸುವ ಪೊಟೆನ್ಶಿಯೊಮೀಟರ್, ಆ ಸ್ಥಾನವನ್ನೂ ಬಂದ ಆಜ್ಞೆಯನ್ನೂ ತೂಗಿನೋಡುವ ಒಂದು ಸರ್ಕ್ಯೂಟ್ ಇರುತ್ತವೆ. ರೇಡಿಯೋದ ಆಜ್ಞೆಯನ್ನು ಹಿಡಿಯುವ ರಿಸೀವರಿನಿಂದ 20 ಮಿಲಿಸೆಕೆಂಡಿಗೊಮ್ಮೆ ಒಂದು ವಿದ್ಯುತ್ತಿನ ಮಿಡಿತವು ಬರುತ್ತದೆ, ಅದು 1.5 ಮಿಲಿಸೆಕೆಂಡ್ ಇದ್ದರೆ ಗಾಲಿಗಳು ನೇರವಾಗಿರಬೇಕು, 1ಕ್ಕೆ ಇಳಿದರೆ ಒಂದು ಕೊನೆಗೆ, 2ಕ್ಕೆ ಏರಿದರೆ ಇನ್ನೊಂದು ಕೊನೆಗೆ ಹೊರಳಬೇಕು. ಆಜ್ಞೆಗೂ ಇರುವ ಸ್ಥಾನಕ್ಕೂ ಅಂತರವಿರುವವರೆಗೆ ಮೋಟಾರು ತಿರುಗುತ್ತದೆ, ಅಂತರವು ಅಳಿದೊಡನೆ ನಿಲ್ಲುತ್ತದೆ. ಕಾರ್ಖಾನೆಯ ಕಂಟ್ರೋಲ್ ವಾಲ್ವುಗಳ ಮೇಲೆ ಕುಳಿತಿರುವ ಪೊಸಿಷನರ್ ಮಾಡುವ ಕೆಲಸವೂ ಇದೇ; ಗಾತ್ರವು ಬೇರೆ, ತತ್ತ್ವವು ಒಂದು. ಇಷ್ಟನ್ನು ಬಲ್ಲವನಾಗಿದ್ದುದರಿಂದಲೇ ನನಗೆ ಸರ್ವೊವನ್ನು ಬಿಚ್ಚುವ ಧೈರ್ಯವು ಬಂದಿತು.

ಬಿಚ್ಚಿದಾಗ ಪೊಟೆನ್ಶಿಯೊಮೀಟರಿನ ಮೇಲೆ ಸಣ್ಣ ಕಲೆ ಕಾಣಿಸಿತು. ಖಾಡಿಯ ಕಡೆಯಿಂದ ಬರುವ ತೇವದ ಗಾಳಿ, ನಾಲ್ಕು ತಿಂಗಳ ಮಳೆ, ಇವುಗಳ ನಡುವೆ ಲೋಹದ ಯಾವ ವಸ್ತುವಿನಲ್ಲಿ ತಾನೆ ಕಲೆ ಕಾಣದು? ಆದರೆ ರೋಗವೇನೆಂದು ಮೊದಲೇ ನಿಶ್ಚಯಿಸಿಕೊಂಡವನ ಕಣ್ಣಿಗೆ ಅದೇ ಪ್ರಮಾಣವಾಗಿ ತೋರುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರಸಿದೆನು. ಒರಸುವಾಗ ಒಳಗಿನ ಹಿತ್ತಾಳೆಯ ತೆಳುವಾದ ನಾಲಗೆಯು ಬಾಗಿತು. ಅದನ್ನು ಮರಳಿ ನೇರ್ಪಡಿಸಿದರೂ, ಮೊದಲು ಹತ್ತು ನಿಮಿಷದ ಅನಂತರ ಕೆಡುತ್ತಿದ್ದ ಸರ್ವೊ ಈಗ ಮೊದಲ ಕ್ಷಣದಿಂದಲೇ ನಡುಗತೊಡಗಿತು. ಗೇರುಗಳನ್ನು ಹೊರತೆಗೆಯುವ ಮುನ್ನ ಅವುಗಳ ಕ್ರಮವನ್ನು ಮೊಮ್ಮಗನು ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಂಡಿದ್ದನು, ಅವನ ಆ ಎಚ್ಚರಿಕೆಯಿಂದ ಗೇರುಗಳಾದರೂ ತಮ್ಮ ಸ್ಥಾನಕ್ಕೆ ಮರಳಿದವು.

ಮರುದಿನ ಫಾಸ್ಟ್ ಲೋಕಲ್ ಹಿಡಿದು ದಾದರಿನಲ್ಲಿ ಗಾಡಿ ಬದಲಿಸಿ ಗ್ರಾಂಟ್ ರೋಡಿಗೆ ಇಳಿದು, ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಯೊಂದರಲ್ಲಿ ಲೋಹದ ಗೇರುಗಳುಳ್ಳ, ಹಳೆಯದಕ್ಕಿಂತ ಮೂರು ಪಟ್ಟು ಬಲವುಳ್ಳದ್ದೆಂದು ಹೇಳಲಾದ ಹೊಸ ಸರ್ವೊವನ್ನು ಕೊಂಡು ತಂದೆನು. ಅದರ ತಲೆಯ ಮೇಲಿನ ಹಲ್ಲುಗಳಿಗೆ, ಗಾಲಿಗಳ ಕಡ್ಡಿಯನ್ನು ಎಳೆಯುವ ಹಾರ್ನ್ ಎಂಬ ಹಳೆಯ ತೋಳು ಕೂರಲಿಲ್ಲ. ಈ ಸಂಗತಿಯು ತಿಳಿಯದೆ ಎಷ್ಟೋ ಜನ ಹಾರ್ನನ್ನು ಒತ್ತಿ ಕೂರಿಸಿ ಹಲ್ಲುಗಳನ್ನು ಕೆಡಿಸುತ್ತಾರಾದುದರಿಂದ ಹೇಳುತ್ತೇನೆ: ಫುಟಾಬಾ ಪದ್ಧತಿಯ ದಂಡದಲ್ಲಿ 25 ಹಲ್ಲುಗಳು, ಹೈಟೆಕ್‌ನ ರೂಢಿಯ ಸರ್ವೊಗಳಲ್ಲಿ 24, ಜೆ.ಆರ್. ಮತ್ತು ಸಾನ್ವಾ ಪದ್ಧತಿಯಲ್ಲಿ 23. ಕಣ್ಣಿಗೆ ಮೂರೂ ಒಂದೇ. ಸರಿಯಾದ ಹಾರ್ನ್ ತಂದು ಹಾಕಿ ಮೈದಾನಕ್ಕೆ ಒಯ್ದರೆ, ಹತ್ತು ನಿಮಿಷವೂ ಕಳೆಯದೆ ಆರನೆಯ ನಿಮಿಷಕ್ಕೇ ಗಾಲಿಗಳು ಮಾತು ಕೇಳದಾದವು. ಅಂಗಡಿಯ ಮಾಲನ್ನು ಸಂದೇಹಿಸಿ ಬೇರೊಂದು ತಯಾರಕರ ಮೂರನೆಯ ಸರ್ವೊವನ್ನು ತರಿಸಿದೆನು. ಅದರ ಗತಿಯೂ ಅದೇ ಆಯಿತು.

ಆ ರಾತ್ರಿ ನಿದ್ದೆ ಬರಲಿಲ್ಲ. ಮೂರು ಸೇವಕರು ಒಂದೇ ರೀತಿಯಾಗಿ ಅವಿಧೇಯರಾಗುವುದು ಸಂಭವವೇ? ಬಲಿಷ್ಠನಾದವನು ಬೇಗನೆ ಸೋತುದು ಏಕೆ? ಕಾರ್ಖಾನೆಯಲ್ಲಿ ನನಗೆ ಕೆಲಸವನ್ನು ಕಲಿಸಿದ ಹಿರಿಯ ಫೋರ್‌ಮನ್ನರು, ವಾಲ್ವು ಅಲುಗದಿದ್ದರೆ ವಾಲ್ವಿಗೆ ಕೈಹಾಕುವುದಕ್ಕೆ ಮೊದಲು ಅದಕ್ಕೆ ಗಾಳಿ ಬರುತ್ತಿದೆಯೇ, ಆಜ್ಞೆ ಬರುತ್ತಿದೆಯೇ ಎಂಬುದನ್ನು ನೋಡಿಸುತ್ತಿದ್ದರು. ನಮ್ಮಲ್ಲಿ ಆಜ್ಞೆಯು ಗಾಳಿಯ ರೂಪದಲ್ಲಿದ್ದರೆ 3ರಿಂದ 15 ಪಿಎಸ್‌ಐ, ವಿದ್ಯುತ್ತಿನ ರೂಪದಲ್ಲಿದ್ದರೆ 4ರಿಂದ 20 ಮಿಲಿಆಂಪಿಯರ್. ಕನಿಷ್ಠವನ್ನು ಸೊನ್ನೆಯಿಂದ ಆರಂಭಿಸದಿರುವುದರ ಉದ್ದೇಶಗಳಲ್ಲೊಂದು, ಸೊನ್ನೆಯು ಕಂಡುಬಂದರೆ ಅದು ಆಜ್ಞೆಯಲ್ಲ, ತಂತಿಯು ತುಂಡಾಗಿದೆ ಎಂಬುದು ಆ ಕ್ಷಣದಲ್ಲೇ ತಿಳಿಯಲೆಂಬುದು. ಸರ್ವೊವಿನ ಮಿಡಿತವೂ ಹಾಗೆಯೇ ಸೊನ್ನೆಯಿಂದಲ್ಲದೆ 1 ಮಿಲಿಸೆಕೆಂಡಿನಿಂದ ಆರಂಭವಾಗುತ್ತದೆ. ಮಿಡಿತವೇ ನಿಂತುಹೋದರೆ ಸಾಮಾನ್ಯವಾದ ಅನಲಾಗ್ ಸರ್ವೊ ಯಾವ ಕಡೆಗೂ ಹೊರಳದೆ ಸಡಿಲವಾಗುತ್ತದೆ, ಗಾಲಿಯು ಬೆರಳಿಗೆ ಮಣಿಯುತ್ತದೆ. ನಮ್ಮ ಕಾರಿನ ಗಾಲಿಗಳು ಕೆಟ್ಟ ಗಳಿಗೆಯಲ್ಲಿ ಕ್ಷಣಕಾಲ ಸಡಿಲವಾಗಿ, ಮತ್ತೆ ಬಿಗಿದು, ಮತ್ತೆ ಸಡಿಲವಾಗುತ್ತಿದ್ದವು. ಪೊಟೆನ್ಶಿಯೊಮೀಟರ್ ಕೆಟ್ಟಿದ್ದರೆ ಗಾಲಿಗಳು ಯಾವುದೋ ಒಂದು ಕೋನದಲ್ಲಿ ಮಾತ್ರ ನಡುಗಬೇಕಾಗಿತ್ತು. ಗೇರಿನ ಹಲ್ಲು ಮುರಿದಿದ್ದರೆ ಪ್ರತಿಸಲವೂ ಅದೇ ಜಾಗದಲ್ಲಿ ಕರಕರ ಸದ್ದು ಬರಬೇಕಾಗಿತ್ತು. ಇವೆರಡೂ ಇಲ್ಲವೆಂಬುದನ್ನು ಮೂರು ವಾರ ಕಣ್ಣಾರೆ ಕಂಡಿದ್ದೆನು, ಕಂಡುದನ್ನು ವಿಚಾರಿಸಿರಲಿಲ್ಲ.

ಬೆಳಗಾಗುವುದನ್ನೇ ಕಾದಿದ್ದು, ಕಾರಿನ ಹೊಟ್ಟೆಯ ಕೆಳಗೆ ಮರದ ಮಣೆಯೊಂದನ್ನಿಟ್ಟು ಗಾಲಿಗಳನ್ನು ನೆಲದಿಂದ ಎತ್ತಿ, ಸರ್ವೊಗೆ ಹೋಗುವ ಮೂರು ತಂತಿಗಳಲ್ಲಿ ಕೆಂಪು ಮತ್ತು ಕಂದು ತಂತಿಗಳ ನಡುವೆ ಮಲ್ಟಿಮೀಟರ್ ಇಟ್ಟೆನು. ನಿಶ್ಚಲವಾಗಿದ್ದಾಗ 5.9 ವೋಲ್ಟ್. ಮೊದಲ ವಾರದಲ್ಲಿಯೂ ಇಷ್ಟನ್ನು ಅಳೆದು ತೃಪ್ತನಾಗಿದ್ದೆನು. ಈಗ ಮೀಟರಿನಲ್ಲಿ ಅತ್ಯಲ್ಪವಾದ ಅಂಕಿಯನ್ನು ಹಿಡಿದಿಡುವ ಗುಂಡಿಯನ್ನು ಒತ್ತಿ, ಮೊಮ್ಮಗನಿಗೆ ಎಡಬಲಕ್ಕೆ ಬಿಡದೆ ತಿರುಗಿಸುತ್ತಿರುವಂತೆ ಹೇಳಿ, ನಾನು ಗಾಲಿಗಳನ್ನು ಕೈಯಿಂದ ತುಸು ತಡೆದು ಹಿಡಿದೆನು. ಎಂಟು ನಿಮಿಷಗಳಾದ ಮೇಲೆ ಗಾಲಿಗಳು ಸಡಿಲಗೊಂಡವು, ಮೀಟರಿನಲ್ಲಿ 3.4 ಎಂದಿತ್ತು. ಮೀಟರು ಕ್ಷಣಿಕವಾದ ಕುಸಿತಗಳನ್ನು ಪೂರ್ತಿಯಾಗಿ ಹಿಡಿಯಲಾರದಾದುದರಿಂದ ನಿಜವಾದ ಕುಸಿತವು ಇನ್ನೂ ಆಳವಾಗಿದ್ದಿರಬೇಕು. ಸೇವಕನಿಗೆ ಅನ್ನವೇ ಸಿಗುತ್ತಿರಲಿಲ್ಲ.

ಆ ಅನ್ನವನ್ನು ಬಡಿಸುವುದು ಬಿ.ಇ.ಸಿ. ಎಂಬ ಭಾಗ. ದೊಡ್ಡ ಮೋಟಾರಿನ ವೇಗವನ್ನು ನಿಯಂತ್ರಿಸುವ ಇ.ಎಸ್.ಸಿ. ಪೆಟ್ಟಿಗೆಯೊಳಗೇ ಅದು ಅಡಗಿದ್ದು, ಬ್ಯಾಟರಿಯ ವೋಲ್ಟೇಜನ್ನು ಇಳಿಸಿ ರಿಸೀವರಿಗೂ ಸರ್ವೊಗೂ ಕೊಡುತ್ತದೆ. ನಮ್ಮ ಕಾರಿನದು ಲೀನಿಯರ್ ಬಗೆಯದು. ಎಂದರೆ ಹೆಚ್ಚಾದ ವೋಲ್ಟೇಜನ್ನು ಶಾಖವಾಗಿ ಸುಟ್ಟು ಕಳೆಯುವಂಥದು. ಪೂರ್ತಿ ತುಂಬಿದ ಎರಡು ಸೆಲ್ಲುಗಳ ಲಿಥಿಯಂ ಬ್ಯಾಟರಿಯ 8.4 ವೋಲ್ಟನ್ನು 6ಕ್ಕೆ ಇಳಿಸುತ್ತ 2 ಆಂಪಿಯರ್ ಕೊಡಬೇಕಾದರೆ, ಉಗುರಿನಷ್ಟು ದೊಡ್ಡದಾದ ಅದರ ಚಿಪ್ ಸುಮಾರು 5 ವಾಟ್ ಶಾಖವನ್ನು ಹೊರಬೇಕು. ಹತ್ತು ನಿಮಿಷ ಹೊರುತ್ತದೆ. ಅನಂತರ ತನ್ನನ್ನು ತಾನು ಉಳಿಸಿಕೊಳ್ಳಲೋಸುಗ ಕೈಬಿಡುತ್ತದೆ. ವೋಲ್ಟೇಜು ಕುಸಿದಾಗ ರಿಸೀವರು ಮೂರ್ಛೆ ಹೋಗಿ, ಎಚ್ಚೆತ್ತು, ಮತ್ತೆ ಮೂರ್ಛೆ ಹೋಗುತ್ತದೆ. ಮಳೆಗಾಲದ ಮೈದಾನದ ಕೆಸರು ಗಾಲಿಗಳನ್ನು ಭಾರಗೊಳಿಸಿದ್ದರಿಂದ ಸರ್ವೊ ಎಳೆಯುವ ಕರೆಂಟು ಹೆಚ್ಚಿತ್ತು. ಬೇಸಗೆಯಲ್ಲಿ ಕಾಣಿಸದಿದ್ದ ದೋಷವು ಜುಲೈಯಲ್ಲಿ ಕಾಣಿಸಿದುದರ ಕಾರಣವು ಇದು. ನಾನು ತಂದ ಬಲವಾದ ಸರ್ವೊ ತಡೆಯುಂಟಾದಾಗ ಹಳೆಯದಕ್ಕಿಂತ ಎಷ್ಟೋ ಹೆಚ್ಚು ಕರೆಂಟು ಬೇಡುವಂಥದಾದುದರಿಂದ, ಹತ್ತು ನಿಮಿಷವು ಆರು ನಿಮಿಷವಾಯಿತು. ಹುಡುಗನು ಮೊದಲ ದಿನವೇ "ಹತ್ತು ನಿಮಿಷ" ಎಂದಿದ್ದನಲ್ಲವೇ? ಅದು ಶಾಖದ ಲಕ್ಷಣವೆಂಬುದನ್ನು ಮೂವತ್ತೊಂದು ವರ್ಷದ ಅನುಭವವುಳ್ಳವನು ಗ್ರಹಿಸಬೇಕಾಗಿತ್ತು.

ಪರಿಹಾರವು ಸುಲಭವಾಗಿತ್ತು. 5 ಆಂಪಿಯರ್ ಕೊಡಬಲ್ಲ ಸ್ವಿಚಿಂಗ್ ಬಗೆಯ ಪ್ರತ್ಯೇಕವಾದ ಬಿ.ಇ.ಸಿ.ಯೊಂದನ್ನು ಬ್ಯಾಟರಿಯಿಂದ ನೇರವಾಗಿ ಎಳೆದು ರಿಸೀವರಿಗೆ ಜೋಡಿಸಿದೆನು. ಹೀಗೆ ಮಾಡುವಾಗ ಇ.ಎಸ್.ಸಿ.ಯಿಂದ ರಿಸೀವರಿಗೆ ಬರುವ ಪ್ಲಗ್ಗಿನ ಕೆಂಪು ತಂತಿಯ ಪಿನ್ನನ್ನು ಹೊರಕ್ಕೆ ತೆಗೆದು ಟೇಪು ಸುತ್ತಿಡಬೇಕು. ಇಲ್ಲವಾದರೆ ಎರಡು ವೋಲ್ಟೇಜುಗಳು ಒಂದೇ ತಂತಿಯಲ್ಲಿ ಪರಸ್ಪರ ಹೋರಾಡುತ್ತವೆ.

ಕಾರು ಅರ್ಧ ಗಂಟೆ ಓಡಿತು. ಆದರೆ ಮನೆಗೆ ತಂದು ಮೇಜಿನ ಮೇಲಿಟ್ಟಾಗ, ಗಾಲಿಗಳು ನೇರವಾಗಿ ನಿಂತಿದ್ದರೂ ಸರ್ವೊ ಸಣ್ಣಗೆ ಗುಂಯ್‌ಗುಡುತ್ತಿತ್ತು. ಈ ಸಲ ಸರ್ವೊಗೆ ಕೈಹಾಕಲಿಲ್ಲ. ಹಾರ್ನಿಗೂ ಗಾಲಿಗಳಿಗೂ ನಡುವಣ ಕಡ್ಡಿಯನ್ನು ಕಳಚಿದೆವು. ಕಳಚಿದೊಡನೆ ಸದ್ದು ನಿಂತಿತು, ಎಂದರೆ ಸರ್ವೊ ನಿರಪರಾಧಿ. ಗಾಲಿಗಳನ್ನು ಬೆರಳಿನಿಂದ ಹೊರಳಿಸಿದಾಗ ಎಡಗಡೆಗೆ ತುಸು ಬಿಗಿತವಿತ್ತು. ತಿರುಗಣೆಯ ಬುಶ್‌ನಲ್ಲಿ ಕೆಸರಿನ ಮರಳು ಒಣಗಿ ಕೂತಿತ್ತು, ಸ್ಕ್ರೂ ತುಕ್ಕು ಹಿಡಿದಿತ್ತು. ಶುಚಿಗೊಳಿಸಿ, ಮಧ್ಯಸ್ಥಾನವನ್ನು ತುಸು ಅತ್ತಿತ್ತ ಸರಿಸುವ, ಟ್ರಾನ್ಸ್‌ಮಿಟರಿನ ಟ್ರಿಮ್ಮನ್ನು ಸೊನ್ನೆಗಿಟ್ಟು, ವಿದ್ಯುತ್ತು ಹರಿಸಿ ಸರ್ವೊ ತನ್ನ ಮಧ್ಯಕ್ಕೆ ಬಂದು ನಿಂತ ಮೇಲೆಯೇ ಹಾರ್ನನ್ನು ಲಂಬವಾಗಿ ಕೂರಿಸಿದೆವು. ಅನಂತರ ಸರ್ವೊ ಎಲ್ಲಿಯವರೆಗೆ ಹೊರಳಬೇಕೆಂಬ ಮಿತಿಯಾದ ಎಂಡ್ ಪಾಯಿಂಟನ್ನು ಎರಡು ಕಡೆಗೂ ತುಸು ತಗ್ಗಿಸಿದೆವು; ಗಾಲಿಯು ಚೌಕಟ್ಟಿಗೆ ತಾಗಿ ನಿಂತ ಮೇಲೂ ಸರ್ವೊ ಅದನ್ನು ನೂಕುತ್ತಿದ್ದರೆ ಮೋಟಾರು ಬೇಗನೆ ಸುಡುತ್ತದೆ. ಕಲ್ಲಿಗೆ ಹೊಡೆದಾಗ ಪೆಟ್ಟನ್ನು ತಾನು ತಾಳಿಕೊಂಡು ಗೇರುಗಳನ್ನು ಕಾಪಾಡುವ ಸರ್ವೊ ಸೇವರ್‌ನ ಸ್ಪ್ರಿಂಗು ಸಡಿಲವಾಗಿದ್ದುದನ್ನು ಮೊಮ್ಮಗನೇ ಕಂಡುಹಿಡಿದು ಬಿಗಿಮಾಡಿದನು.

ಇದೆಲ್ಲ ಮುಗಿದ ಮೇಲೆ ಒಂದು ಸಂಜೆ, ಕೆಟ್ಟವೆಂದು ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿಟ್ಟಿದ್ದ ಸರ್ವೊಗಳನ್ನು ಹೊರತೆಗೆದು ಹೊಸ ಬಿ.ಇ.ಸಿ.ಗೆ ಜೋಡಿಸಿ ನೋಡೋಣವೆಂದು ಹುಡುಗನು ಹೇಳಿದನು. ಮೂರನೆಯದು ಕಾರಿನಲ್ಲಿಯೇ ಇತ್ತು. ಎರಡನೆಯದು ಡಬ್ಬಿಯಿಂದ ಬಂದು, ಸ್ಟೀರಿಂಗನ್ನು ತಿರುಗಿಸಿದೊಡನೆ ಕೊನೆಯಿಂದ ಕೊನೆಗೆ ನಿರಾತಂಕವಾಗಿ ಹೊರಳಿತು. ಅದರಲ್ಲಿ ಎಂದೂ ಯಾವ ದೋಷವೂ ಇದ್ದಿರಲಿಲ್ಲ. ಮೊದಲನೆಯದು, ಕಾರಿನೊಡನೆ ಬಂದದ್ದು, ನಾನು ಬಿಚ್ಚಿ ಒರಸಿದ್ದು, ಮೇಜಿನ ಮೇಲೆ ನಡುಗುತ್ತ ನಿಂತಿತು. "ಇದೂ ಛಲೋನೇ ಇತ್ತೇನಜ್ಜಾ?" ಎಂದು ಅವನು ಕೇಳಿದನು. ಇತ್ತು ಎಂದೆನು.