ಪೌರತ್ವಕ್ಕೆ ವರ್ಷಗಳ ಲೆಕ್ಕ

“ಸರ್, ನನ್ನ ಅಪ್ಪ ದುಬೈಗೆ ಹೋಗಿ ಹದಿನೈದು ವರ್ಷವಾಯಿತು. ಅವರು ಈಗಲೂ ಭಾರತದ ಪ್ರಜೆಯೇ?” ತರಗತಿಯಲ್ಲಿ ಒಬ್ಬ ಹುಡುಗ ಹೀಗೆ ಕೇಳಿದ. ಕಾಸರಗೋಡಿನ ಎಷ್ಟೋ ಮನೆಗಳಲ್ಲಿ ಏಳಬಹುದಾದ ಪ್ರಶ್ನೆ ಇದು.

ಹೌದು, ಪ್ರಜೆಯೇ. ದೂರದಲ್ಲಿ ದುಡಿದ ಮಾತ್ರಕ್ಕೆ ಪೌರತ್ವ ಹೋಗುವುದಿಲ್ಲ. ತಾನಾಗಿ ಬೇರೊಂದು ದೇಶದ ಪೌರತ್ವ ಪಡೆದರೆ ಹೋಗುತ್ತದೆ. ಆದರೆ ಮಗು ಹೊರದೇಶದಲ್ಲಿ ಹುಟ್ಟಿದರೆ ಒಂದು ವರ್ಷದೊಳಗೆ ಅಲ್ಲಿನ ಭಾರತೀಯ ದೂತಾವಾಸದಲ್ಲಿ ಜನನವನ್ನು ನೋಂದಾಯಿಸಲು ಹೆತ್ತವರು ಮರೆಯಬಾರದು.

ಹಾಗಾದರೆ ವರ್ಷಗಳ ಲೆಕ್ಕ ಯಾರಿಗೆ? ಹೊರದೇಶದಲ್ಲಿ ಹುಟ್ಟಿ, ನಮ್ಮ ಪೌರತ್ವವನ್ನು ಬಯಸಿ ಅರ್ಜಿ ಹಾಕುವವರಿಗೆ. 1955ರ ಪೌರತ್ವ ಕಾಯಿದೆಯ ಮೂರನೆಯ ಅನುಸೂಚಿಯ ಸಾಮಾನ್ಯ ನಿಯಮ ಹೀಗಿದೆ: ಅರ್ಜಿಗೆ ಹಿಂದಿನ 12 ತಿಂಗಳು ಪೂರ್ತಿಯಾಗಿ, ಅದಕ್ಕೂ ಹಿಂದಿನ 14 ವರ್ಷಗಳಲ್ಲಿ ಒಟ್ಟು 11 ವರ್ಷ, ಅವರು ಭಾರತದಲ್ಲಿ ವಾಸವಾಗಿರಬೇಕು ಅಥವಾ ಭಾರತದ ಕೇಂದ್ರ ಇಲ್ಲವೆ ರಾಜ್ಯ ಸರಕಾರದ ಸೇವೆಯಲ್ಲಿರಬೇಕು. ಎರಡನ್ನೂ ಕೂಡಿಸಿ ಲೆಕ್ಕ ಮಾಡಬಹುದು. ನೆರೆಯ ಮೂರು ದೇಶಗಳಿಂದ ಬಂದ ಕೆಲವು ಸಮುದಾಯದವರಿಗೆ 2019ರ ತಿದ್ದುಪಡಿಯು 11ರ ಬದಲು 5 ವರ್ಷ ಸಾಕೆಂದಿದೆ.

ವಿದ್ಯಾರ್ಥಿಗಳೇ, ಇಲ್ಲಿ ‘ಅಥವಾ’ ಎಂಬ ಪದವನ್ನು ಗಮನಿಸಿರಿ. ನೇಪಾಳದಲ್ಲಿ ಹುಟ್ಟಿದ ಒಬ್ಬರು ನಮ್ಮ ಕೇಂದ್ರ ಸರಕಾರದ ನೌಕರರೆಂದು ಭಾವಿಸೋಣ. ಆ 14 ವರ್ಷಗಳಲ್ಲಿ ಮೊದಲ 3 ವರ್ಷ ಅವರು ತಮ್ಮೂರಿನಲ್ಲೇ ಇದ್ದರು. ಮುಂದೆ 7 ವರ್ಷ ದೆಹಲಿಯಲ್ಲಿ ಕೆಲಸ. ಆಮೇಲೆ 4 ವರ್ಷ ಸರಕಾರವೇ ಅವರನ್ನು ಹೊರದೇಶದ ಕಚೇರಿಗೆ ಕಳುಹಿಸಿತು. 7ಕ್ಕೆ 4 ಕೂಡಿಸಿದರೆ 11, ಲೆಕ್ಕ ಸರಿಹೋಯಿತು. ಕೊನೆಯ 12 ತಿಂಗಳು ಅದೇ ಕಚೇರಿಯಲ್ಲಿದ್ದರೂ ಅಡ್ಡಿಯಿಲ್ಲ. ಅದೇ 4 ವರ್ಷ ಹೊರದೇಶದ ಖಾಸಗಿ ಕಂಪೆನಿಯಲ್ಲಿ ದುಡಿದಿದ್ದರೆ ಲೆಕ್ಕಕ್ಕೆ ಸಿಗುವುದು 7 ಮಾತ್ರ.

ಈ ಭೇದವೇಕೆ? ಸರಕಾರ ಕಳುಹಿಸಿದಲ್ಲಿಗೆ ಹೋದವರು ತಮ್ಮ ಇಷ್ಟದಂತೆ ದೇಶ ಬಿಟ್ಟವರಲ್ಲ. ದೇಶದ ಕೆಲಸ ಮಾಡಿದ್ದೇ ಅವರಿಗೆ ನಷ್ಟವಾಗಬಾರದಷ್ಟೆ.

ವರ್ಷಗಳು ತುಂಬಿದರೆ ಸಾಲದು. ಒಳ್ಳೆಯ ನಡತೆ ಬೇಕು. ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಲ್ಲಿ ಒಂದರ ಸಾಕಷ್ಟು ಜ್ಞಾನವೂ ಬೇಕು. ಆ ಭಾಷೆ ಹಿಂದಿಯೇ ಆಗಬೇಕೆಂದಿಲ್ಲ, ವಾಸಿಸುವ ರಾಜ್ಯದ ಭಾಷೆಯೇ ಆಗಬೇಕೆಂದೂ ಇಲ್ಲ. ಕನ್ನಡವೊಂದನ್ನೇ ಬಲ್ಲವರೂ ಈ ಶರತ್ತನ್ನು ಪೂರೈಸುತ್ತಾರೆ. ಕೇರಳದಲ್ಲಿ ಕನ್ನಡ ಓದುತ್ತಿರುವ ನೀವು ಈ ಮಾತನ್ನು ನೆನಪಿಡಿರಿ. ಮನೆಗೆ ಹೋಗಿ ಹಿರಿಯರಿಗೂ ತಿಳಿಸಿರಿ.