ಗುರುತು ಮೂಡುವ ಬಗೆ: ಕೆಂಗಲ್ಲಿನ ಹಾದಿಯಲ್ಲಿ ಒಂದು ಪಾಠ

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಳೆಯ ಹೆದ್ದಾರಿಯಲ್ಲಿ ರಾಮನಗರವನ್ನು ದಾಟಿ ಚನ್ನಪಟ್ಟಣದತ್ತ ಸಾಗುವವರಿಗೆ ನಡುವೆ ಕೆಂಗಲ್ ಸಿಕ್ಕುವುದು. ಆಂಜನೇಯನ ಗುಡಿಯಿಂದಲೂ, ವಿಧಾನಸೌಧವನ್ನು ಕಟ್ಟಿಸಿದ ಕೆಂಗಲ್ ಹನುಮಂತಯ್ಯನವರ ಹೆಸರಿನಿಂದಲೂ ಈ ಊರು ನಾಡಿಗೆಲ್ಲ ಪರಿಚಿತವಾಗಿದೆ. ಕೆಂಪಾದ ಕಲ್ಲು ಕೆಂಗಲ್ಲು. ಕಲ್ಲಿಗೆ ಭಾರ, ಗಾತ್ರ, ಗಡಸುತನ ಮೊದಲಾದ ಗುಣಗಳು ಎಷ್ಟೋ ಇರುವುವು. ಅವನ್ನೆಲ್ಲ ಬಿಟ್ಟು, ಕಣ್ಣಿಗೆ ಮೊದಲು ಬೀಳುವ ಬಣ್ಣವೊಂದನ್ನೇ ಈ ಹೆಸರು ಆರಿಸಿಕೊಂಡಿದೆ. ಗುರುತೆಂಬುದು ಹುಟ್ಟುವ ಬಗೆಯೇ ಇದು. ಹಲವನ್ನು ಬಿಟ್ಟು ಒಂದನ್ನು ಉಳಿಸಿಕೊಳ್ಳಬೇಕು. ಉಳಿಸಿಕೊಂಡದ್ದು ಆ ವಸ್ತುವಿನದೇ ಆಗಿರಬೇಕು.

ಸಂಸ್ಥೆಗಳಿಗೆ ಲಾಂಛನವನ್ನೂ, ಸರಕಿಗೆ ಮುದ್ರೆಯನ್ನೂ, ಪುಸ್ತಕಗಳಿಗೆ ಚಿತ್ರವನ್ನೂ ರಚಿಸುವವರನ್ನು ಇಂದು ಗ್ರಾಫಿಕ್ ಡಿಸೈನರ್ ಎಂದು ಕರೆಯುತ್ತಾರೆ. ಇದು ಕೇವಲ ಕೈಚಳಕದ ಕೆಲಸವೆಂದು ಅನೇಕರ ಎಣಿಕೆ. ಆದರೆ ಇದರ ಬುಡದಲ್ಲಿ ಕಣ್ಣಿನ ಶಾಸ್ತ್ರವಿದೆ, ಸ್ವಲ್ಪ ಗಣಿತವೂ ಇದೆ. ಕೆಂಗಲ್ಲಿಗೆ ಹತ್ತಿರದ ಚನ್ನಪಟ್ಟಣದ ಬೊಂಬೆಗಳನ್ನೇ ಉದಾಹರಣೆಯಾಗಿಟ್ಟುಕೊಂಡು ಈ ಶಾಸ್ತ್ರವನ್ನು ನಾವು ಪರಿಶೀಲಿಸೋಣ.

ಈ ಉದಾಹರಣೆಯನ್ನು ಆರಿಸಲು ಕಾರಣವುಂಟು. ಬಹುಕಾಲ ಈ ಬೊಂಬೆಗಳಿಗೆ ರಸ್ತೆಯೇ ಜಾಹೀರಾತಾಗಿತ್ತು. ಮೈಸೂರಿಗೆ ಹೊರಟವರು ಅಂಗಡಿಯ ಮುಂದೆ ಸಾಲಾಗಿಟ್ಟ ಬಣ್ಣದ ಕುದುರೆಗಳನ್ನು ಕಂಡು ಗಾಡಿ ನಿಲ್ಲಿಸುತ್ತಿದ್ದರು. 2023ರ ಮಾರ್ಚಿನಲ್ಲಿ ಬೆಂಗಳೂರು-ಮೈಸೂರು ಹೊಸ ಹೆದ್ದಾರಿಯ ಉದ್ಘಾಟನೆಯಾಯಿತು. ರಾಮನಗರ, ಚನ್ನಪಟ್ಟಣಗಳನ್ನು ಅದು ಹೊರಗಿನಿಂದ ಬಳಸಿ ಹೋಗುವುದು. ಹಳೆಯ ರಸ್ತೆಯ ಬೊಂಬೆಯಂಗಡಿಗಳಲ್ಲಿ ವ್ಯಾಪಾರ ಕುಗ್ಗಿತೆಂದು ವರ್ತಕರು ಹೇಳಿಕೊಂಡದ್ದು ಪತ್ರಿಕೆಗಳಲ್ಲಿ ವರದಿಯಾಯಿತು. ಕೊಳ್ಳುವವನು ಈಗ ಬೊಂಬೆಯನ್ನು ದೂರದ ನಗರದ ಅಂಗಡಿಯಲ್ಲೋ ಮೊಬೈಲಿನ ಪರದೆಯ ಮೇಲೋ ನೋಡುತ್ತಾನೆ. ಅಲ್ಲಿ ಪಕ್ಕದಲ್ಲೇ ಅಚ್ಚಿನಲ್ಲಿ ಎರೆದ ಪ್ಲಾಸ್ಟಿಕ್ ಬೊಂಬೆಯೂ ಇರುವುದು. ಊರು ಮಾಡುತ್ತಿದ್ದ ಪರಿಚಯವನ್ನು ಇನ್ನು ಒಂದು ಚಿಕ್ಕ ಮುದ್ರೆಯೇ ಮಾಡಬೇಕಾಗಿದೆ.

ಲಾಂಛನಗಳ ಹಿನ್ನೆಲೆ

ಲಾಂಛನ ನಮಗೆ ಹೊಸದಲ್ಲ. ಮೈಸೂರು ಅರಸರ ಗಂಡಭೇರುಂಡವನ್ನು ಅರಿಯದವರಿಲ್ಲ. ಇಂದಿನ ಕರ್ನಾಟಕ ಸರ್ಕಾರದ ಲಾಂಛನದಲ್ಲಿಯೂ ಅದೇ ಇದೆ. ಒಂದೇ ಒಡಲಿಗೆ ಎಡಬಲಗಳಲ್ಲಿ ಎರಡು ತಲೆಗಳಿರುವ ಈ ಹಕ್ಕಿಯನ್ನು ಕಲ್ಲಿನಲ್ಲಿ ಕೆತ್ತಿದರೂ, ಬಾವುಟದಲ್ಲಿ ನೇಯ್ದರೂ, ಬರಿಯ ಕಪ್ಪು ನೆರಳಾಗಿ ಬಿಡಿಸಿದರೂ ಬೇರೊಂದು ಹಕ್ಕಿಯೆಂದು ಭ್ರಮಿಸಲು ಸಾಧ್ಯವಿಲ್ಲ. ಮೈಸೂರು ಸ್ಯಾಂಡಲ್ ಸಾಬೂನಿನ ಕಥೆಯೂ ಹೀಗೆಯೇ. ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಬೆಂಗಳೂರಿನಲ್ಲಿ ಸರ್ಕಾರದ ಸಾಬೂನಿನ ಕೈಗಾರಿಕೆಗೆ ರೂಪು ಕೊಟ್ಟ ಎಸ್. ಜಿ. ಶಾಸ್ತ್ರಿಗಳು ರಸಾಯನಶಾಸ್ತ್ರಜ್ಞರು. ಆದರೂ ಆ ಸಾಬೂನಿಗೆ ಪರಿಮಳವಷ್ಟೇ ಅಲ್ಲದೆ ಅಂಡಾಕಾರವೂ, ಒಡವೆಯ ಪೆಟ್ಟಿಗೆಯನ್ನು ನೆನಪಿಸುವ ಡಬ್ಬಿಯೂ, ಸಿಂಹದ ಒಡಲಿಗೆ ಆನೆಯ ತಲೆಯುಳ್ಳ ಶರಭದ ಮುದ್ರೆಯೂ ಕೂಡಿಬಂದುವು.

ಇತ್ತ ಶರಭ ರೂಪುಗೊಳ್ಳುವ ಕೆಲವೇ ವರ್ಷಗಳ ಹಿಂದೆ, 1907ರಲ್ಲಿ, ಜರ್ಮನಿಯ ಎ.ಇ.ಜಿ. ಎಂಬ ವಿದ್ಯುತ್ ಸಂಸ್ಥೆಯು ಪೀಟರ್ ಬೆಹ್ರೆನ್ಸ್ ಎಂಬ ಕಲಾವಿದನನ್ನು ಸಲಹೆಗಾರನನ್ನಾಗಿ ನೇಮಿಸಿಕೊಂಡಿತು. ಅವನು ಸಂಸ್ಥೆಯ ಮುದ್ರೆ, ದೀಪ, ನೀರು ಕಾಯಿಸುವ ಪಾತ್ರೆ, ಕಾರ್ಖಾನೆಯ ಕಟ್ಟಡ ಎಲ್ಲಕ್ಕೂ ಒಂದೇ ಮನೆತನದ ಚಹರೆಯನ್ನು ಕೊಟ್ಟನು. ಸಂಸ್ಥೆಯ ದೃಶ್ಯರೂಪವನ್ನು ಸಮಗ್ರವಾಗಿ ರಚಿಸುವ ವೃತ್ತಿ ಅಲ್ಲಿಂದ ಬಲಗೊಂಡಿತೆಂದು ಹೇಳುವುದು ವಾಡಿಕೆ.

ಕಣ್ಣು ಹಾಕುವ ಮೂರು ಷರತ್ತುಗಳು

ಒಂದು ಗುರುತು ಕೆಲಸಮಾಡಬೇಕಾದರೆ ಕಣ್ಣು ಅದಕ್ಕೆ ಮೂರು ಷರತ್ತುಗಳನ್ನು ಹಾಕುವುದು.

ಮೊದಲನೆಯದು ಅಳತೆ. ಆರೋಗ್ಯವಾದ ಕಣ್ಣು ಒಳ್ಳೆಯ ಬೆಳಕಿನಲ್ಲಿ ಸುಮಾರು ಒಂದು ಮಿನಿಟು ಕೋನದಷ್ಟು, ಎಂದರೆ ಒಂದು ಡಿಗ್ರಿಯ ಅರುವತ್ತನೆಯ ಒಂದು ಪಾಲಿನಷ್ಟು, ಅಂತರವಿರುವ ಎರಡು ಗೆರೆಗಳನ್ನು ಬೇರೆಬೇರೆಯಾಗಿ ಕಾಣಬಲ್ಲದು. 100 ಮೀಟರ್ ದೂರದಲ್ಲಿ ಈ ಕೋನವು ಸುಮಾರು 3 ಸೆಂಟಿಮೀಟರಿಗೆ ಸಮ. ಒಂದು ಅಕ್ಷರವನ್ನು ಗುರುತಿಸಲು ಅದರ ಎತ್ತರದಲ್ಲಿ ಇಂಥ ಐದು ಪಾಲುಗಳಾದರೂ ಇರಬೇಕೆಂದು ಲೆಕ್ಕವಿಟ್ಟರೆ 15 ಸೆಂಟಿಮೀಟರ್ ಆಯಿತು. ಆದರೆ ನಮ್ಮ ಕನ್ನಡದಲ್ಲಿ ಒತ್ತಕ್ಷರಗಳಿವೆ. 'ಚನ್ನಪಟ್ಟಣ' ಎಂಬ ಒಂದೇ ಪದದಲ್ಲಿ ಎರಡು ಒತ್ತುಗಳು. ಒತ್ತು ಮೂಲಾಕ್ಷರದ ಅರ್ಧದಷ್ಟೇ ಇದ್ದರೆ, ಅದನ್ನು ಓದಿಸಲು ಅಕ್ಷರವನ್ನು 30 ಸೆಂಟಿಮೀಟರಿಗೆ ಏರಿಸಬೇಕು. ಗಂಟೆಗೆ 80 ಕಿಲೋಮೀಟರ್ ವೇಗದ ಕಾರು ಆ 100 ಮೀಟರುಗಳನ್ನು ನಾಲ್ಕೂವರೆ ಸೆಕೆಂಡಿನಲ್ಲಿ ದಾಟಿಬಿಡುವುದು. ಇಂಗ್ಲಿಷ್ ಅಕ್ಷರಗಳಿಗೆ ಹೊಂದುವ ಫಲಕದ ಅಳತೆಯನ್ನೇ ಕನ್ನಡಕ್ಕೂ ಬಳಸಿದರೆ ಓದುಗನ ಕಣ್ಣು ಸೋಲುವುದೇಕೆಂಬುದು ಇದರಿಂದ ತಿಳಿದುಬರುವುದು. ಅದೇ ಲೆಕ್ಕವನ್ನು ಕೈಯಲ್ಲಿ ಹಿಡಿದ ಬೊಂಬೆಗೆ ಅನ್ವಯಿಸೋಣ. 40 ಸೆಂಟಿಮೀಟರ್ ದೂರದಲ್ಲಿ ಒಂದು ಮಿನಿಟು ಕೋನವೆಂದರೆ 0.12 ಮಿಲಿಮೀಟರ್. ಇದು ಚೂಪಾದ ಕಣ್ಣಿನ ಕೊನೆಯ ಮಿತಿ. ಅಜ್ಜಿಯ ಕಣ್ಣಿಗೂ ಕಾಣಬೇಕಾದರೆ ಮುದ್ರೆಯ ಗೆರೆ ಇದರ ಎರಡು ಮೂರು ಪಟ್ಟು ದಪ್ಪವಿರಬೇಕು.

ಎರಡನೆಯದು ಆಕಾರ. ಡೆನ್ಮಾರ್ಕಿನ ಮನಶ್ಶಾಸ್ತ್ರಜ್ಞ ಎಡ್ಗರ್ ರೂಬಿನ್ 1915ರಲ್ಲಿ ಒಂದು ಚಿತ್ರವನ್ನು ಪ್ರಸಿದ್ಧಿಗೆ ತಂದನು. ಒಮ್ಮೆ ಅದು ಹೂದಾನಿಯಾಗಿಯೂ, ಮತ್ತೊಮ್ಮೆ ಎದುರುಬದುರಾದ ಎರಡು ಮುಖಗಳಾಗಿಯೂ ಕಾಣುವುದು. ಎರಡೂ ಏಕಕಾಲದಲ್ಲಿ ಕಾಣವು. ಮನಸ್ಸು ನೋಟವನ್ನು ವಸ್ತು, ಹಿನ್ನೆಲೆ ಎಂದು ವಿಂಗಡಿಸಿಯೇ ಅರ್ಥಮಾಡಿಕೊಳ್ಳುವುದು. ಆ ವಿಂಗಡಣೆ ನಡೆಯುವುದು ಹೊರರೇಖೆಯ ಮೇಲೆ. ಹೊರರೇಖೆ ದುರ್ಬಲವಾದರೆ ಒಳಗೆ ಎಷ್ಟು ಅಲಂಕಾರ ತುಂಬಿದರೂ ವ್ಯರ್ಥ.

ಮೂರನೆಯದು ಬಣ್ಣ. ಮುಸ್ಸಂಜೆಯಲ್ಲಿ ಕೆಂಪು ಹೂಗಳು ಕಪ್ಪಾಗಿಯೂ ಎಲೆಗಳು ಅವಕ್ಕಿಂತ ಬೆಳಕಾಗಿಯೂ ತೋರುವುದನ್ನು ವಾಚಕರು ಗಮನಿಸಿರಬಹುದು. ಇದನ್ನು ವಿವರಿಸಿದ ಬೊಹೀಮಿಯದ ವಿಜ್ಞಾನಿ ಪುರ್ಕಿಂಜೆಯ ಹೆಸರೇ ಈ ಪರಿಣಾಮಕ್ಕೆ ಬಂದಿದೆ. ಮಂದ ಬೆಳಕಿನಲ್ಲಿ ಕಣ್ಣಿನ ದಂಡಕೋಶಗಳು ಕೆಲಸಕ್ಕೆ ತೊಡಗುವುವು. ಅವಕ್ಕೆ ಕೆಂಪು ಬೆಳಕು ಹೆಚ್ಚು ಕಾಣದು. ಇದಲ್ಲದೆ ಗಂಡಸರಲ್ಲಿ ನೂರಕ್ಕೆ ಕೆಲವರಿಗೆ ಹುಟ್ಟಿನಿಂದಲೇ ಕೆಂಪು ಹಸುರುಗಳ ಭೇದ ಸರಿಯಾಗಿ ತಿಳಿಯದು. ಆದುದರಿಂದ ಬಣ್ಣವನ್ನು ಕಳೆದಾಗಲೂ ನಿಲ್ಲುವ ಗುರುತೇ ಗುರುತು.

ಬೊಂಬೆಯಿಂದ ಮುದ್ರೆಗೆ

ಈಗ ಚನ್ನಪಟ್ಟಣದ ಬೊಂಬೆ ಹುಟ್ಟುವ ಬಗೆಯನ್ನು ನೋಡೋಣ. ಒಣಗಿಸಿದ ಹಾಲೆ ಮರದ ತುಂಡನ್ನು ಯಂತ್ರಕ್ಕೆ ಸಿಕ್ಕಿಸಿ ತಿರುಗಿಸುತ್ತ ಉಳಿಯಿಂದ ಕಡೆಯುತ್ತಾರೆ. ಬಳಿಕ, ಮರ ತಿರುಗುತ್ತಿರುವಂತೆಯೇ, ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಾಟದ ಕಾವಿಗೆ ಅರಗು ಕರಗಿ ಮರದ ಮೇಲೆ ಹರಡುವುದು. ಕೊನೆಗೆ ತಾಳೆಯ ಗರಿಯಿಂದ ತಿಕ್ಕಿದಾಗ ಹೊಳಪು ಬರುವುದು. ಅರಿಸಿನ, ನೀಲಿ ಮೊದಲಾದ ಸಸ್ಯಮೂಲದ ಬಣ್ಣಗಳೂ ಇದಕ್ಕೆ ಒದಗುವುವು.

ಈ ಕ್ರಮದಿಂದ ಎರಡು ಸಂಗತಿಗಳು ತಾವಾಗಿಯೇ ಹೊರಡುವುವು. ತಿರುಗುವ ಮರದಲ್ಲಿ ಕಡೆದ ಒಡಲು ಯಾವ ಕಡೆಯಿಂದ ನೋಡಿದರೂ ಒಂದೇ ಹೊರರೇಖೆಯನ್ನು ತೋರಿಸುವುದು. ತಿರುಗುವ ಮರಕ್ಕೆ ಹಚ್ಚಿದ ಬಣ್ಣವು ಬಳೆಯಂತೆ ಸುತ್ತುವರಿಯುವುದು. ಎದುರಿನಿಂದ ಅದು ಅಡ್ಡಪಟ್ಟಿಯಾಗಿ ಕಾಣುವುದು. ಹೀಗೆ ಚನ್ನಪಟ್ಟಣದ ಬೊಂಬೆಗೆ ಎಡಬಲ ಸಮವಾದ ನೆರಳೂ ಅಡ್ಡಪಟ್ಟಿಗಳೂ ಜನ್ಮದಿಂದಲೇ ಬಂದಿವೆ. ಮುದ್ರೆಯನ್ನು ರಚಿಸುವವನು ಹೊಸದನ್ನು ಕಲ್ಪಿಸಬೇಕಾಗಿಲ್ಲ; ಯಂತ್ರ ಕೊಟ್ಟದ್ದನ್ನು ಉಳಿಸಿಕೊಂಡರೆ ಸಾಕು. ಆನೆ, ನವಿಲು, ತೋರಣ, ಗೋಪುರಗಳನ್ನೆಲ್ಲ ಒಂದೇ ವೃತ್ತದೊಳಗೆ ತುರುಕುವ ಚಪಲವನ್ನು ಅವನು ಗೆಲ್ಲಬೇಕು.

ವಾಚಕರು ಮನೆಯಲ್ಲೇ ಈ ಪ್ರಯೋಗವನ್ನು ಮಾಡಿ ನೋಡಬಹುದು. ಒಂದು ಕಪ್ಪು ಕಾಗದವನ್ನು ಎರಡಾಗಿ ಮಡಿಸಿ. ಮಡಿಕೆಯನ್ನು ಬೊಂಬೆಯ ನಡುಗೆರೆಯೆಂದು ಎಣಿಸಿ, ತಲೆ, ಕೊರಳು, ಒಡಲುಗಳ ಅರ್ಧ ರೇಖೆಯನ್ನು ಮಾತ್ರ ಕತ್ತರಿಸಿ ಬಿಚ್ಚಿದರೆ ಸುಮಾರು 5 ಸೆಂಟಿಮೀಟರ್ ಎತ್ತರದ ಬೊಂಬೆ ದೊರೆಯಬೇಕು. ಇಂಥ ಎರಡು ಆಕೃತಿಗಳನ್ನು ಮಾಡಿ, ಒಂದರ ಕೊರಳಿನ ತಗ್ಗು 6 ಮಿಲಿಮೀಟರ್ ಆಳವೂ ಅಷ್ಟೇ ಅಗಲವೂ ಇರಲಿ, ಇನ್ನೊಂದರದು 1 ಮಿಲಿಮೀಟರ್ ಮಾತ್ರ ಇರಲಿ. ಬಿಳಿಯ ಹಾಳೆಯ ಮೇಲೆ ಅಂಟಿಸಿ 10 ಮೀಟರ್ ದೂರದಿಂದ ನೋಡಿದರೆ ಮೊದಲನೆಯದು ಬೊಂಬೆಯಾಗಿಯೂ ಎರಡನೆಯದು ಬರಿಯ ಗೂಟವಾಗಿಯೂ ತೋರುವುದು. ಆ ದೂರದಲ್ಲಿ ಕಣ್ಣಿನ ಮಿತಿ ಸುಮಾರು 3 ಮಿಲಿಮೀಟರ್ ಎಂಬುದನ್ನು ಮೇಲಿನ ಲೆಕ್ಕದಿಂದ ತಿಳಿಯಬಹುದು. ಬಳಿಕ ಒಡಲಿಗೆ ಹಳದಿ ಕೆಂಪು ಪಟ್ಟಿಗಳನ್ನು ಅಂಟಿಸಿ ಮುಸ್ಸಂಜೆಯಲ್ಲಿ ನೋಡಿ: ಹಳದಿ ಉಳಿಯುವುದು, ಕೆಂಪು ಕಪ್ಪಿನಲ್ಲಿ ಲೀನವಾಗುವುದು.

ಚಿತ್ರದ ಕೆಲಸ ಬೇರೆ

ಮುದ್ರೆ ಹೆಸರು ಹೇಳುವುದು. ಚಿತ್ರ ಕಾರಣ ಹೇಳುವುದು. ಪ್ಲಾಸ್ಟಿಕ್ ಬೊಂಬೆಗಿಂತ ಈ ಮರದ ಬೊಂಬೆಗೆ ಬೆಲೆಯೇಕೆ ಹೆಚ್ಚೆಂಬ ಪ್ರಶ್ನೆಗೆ ಮುದ್ರೆಯು ಉತ್ತರ ಕೊಡಲಾರದು. ಮರದ ತುಂಡು, ಉಳಿ, ಅರಗಿನ ಕಡ್ಡಿ, ಗರಿ, ಬೊಂಬೆ: ಈ ಐದು ಸರಳ ಚಿತ್ರಗಳನ್ನು ಡಬ್ಬಿಯ ಮೇಲೆ ಸಾಲಾಗಿ ಬಿಡಿಸಿದರೆ ಕನ್ನಡ ಬಾರದವನಿಗೂ ವಿಷಯ ತಿಳಿಯುವುದು. 1920ರ ದಶಕದಲ್ಲಿ ವಿಯೆನ್ನಾದ ಓಟೊ ನಾಯ್‌ರಾಟ್ ಮತ್ತು ಅವನ ಸಂಗಡಿಗರು ಇಂಥ ಚಿತ್ರಭಾಷೆಯನ್ನು ಶಾಸ್ತ್ರೀಯವಾಗಿ ಬೆಳೆಸಿದರು. ಹೆಚ್ಚಿನ ಸಂಖ್ಯೆಯನ್ನು ತೋರಿಸಲು ಚಿತ್ರವನ್ನು ಹಿಗ್ಗಿಸಬಾರದು, ಅದೇ ಚಿತ್ರವನ್ನು ಮತ್ತೆಮತ್ತೆ ಬರೆಯಬೇಕೆಂಬುದು ಅವರ ಒಂದು ನಿಯಮ. ಹಿಗ್ಗಿಸಿದ ಚಿತ್ರ ಕಣ್ಣನ್ನು ಮೋಸಗೊಳಿಸುವುದು. ಎಣಿಸಬಹುದಾದ ಚಿತ್ರ ಸತ್ಯವನ್ನು ಹೇಳುವುದು.

ಮುದ್ರೆಯ ಹಿಂದಿನ ಮಾತು

ಚನ್ನಪಟ್ಟಣದ ಬೊಂಬೆಗಳಿಗೆ 2005-06ರ ಸಾಲಿನಲ್ಲಿ ಭೌಗೋಳಿಕ ಸೂಚಕದ ನೋಂದಣಿ ದೊರೆಯಿತು. 1999ರ ಕಾಯಿದೆಯ ಮೇರೆಗೆ ಇಂಥ ನೋಂದಣಿ ಹತ್ತು ವರ್ಷ ನಡೆದು, ಮತ್ತೆ ನವೀಕರಣಗೊಳ್ಳಬಲ್ಲದು. 2018ರಲ್ಲಿ ಭಾರತ ಸರ್ಕಾರವು ಈ ಬಗೆಯ ಸರಕುಗಳಿಗೆಲ್ಲ ಸಾಮಾನ್ಯವಾದೊಂದು ಲಾಂಛನವನ್ನೂ ಹೊರತಂದಿತು. ಆದರೆ ಕಾನೂನು ಕಾಯುವುದು ಹೆಸರನ್ನು. ಬೇರೆಲ್ಲಿಯೋ ಮಾಡಿದ ಸರಕಿಗೆ ಚನ್ನಪಟ್ಟಣದ ಹೆಸರಿಟ್ಟರೆ ಅದನ್ನು ತಡೆಯಬಹುದು. ಹೆಸರಿಲ್ಲದೆ ಪಕ್ಕದಲ್ಲಿ ಕುಳಿತ ಅಗ್ಗದ ಬೊಂಬೆಯನ್ನು ತಡೆಯುವ ಬಲ ಆ ಹೆಸರಿಗಿಲ್ಲ. ಅಲ್ಲಿ ಆಯ್ಕೆ ಕೊಳ್ಳುವವನ ಕಣ್ಣಿಗೆ ಸೇರಿದ್ದು. ಆ ಕಣ್ಣಿಗೆ ನೆರವಾಗುವುದು ವಿನ್ಯಾಸಕಾರನ ಹೊಣೆ.

ಎಲ್ಲಕ್ಕೂ ಮಿಗಿಲಾದ ಷರತ್ತೊಂದು ಉಳಿಯಿತು. ಮುದ್ರೆಯೆಂಬುದು ಒಂದು ಮಾತು ಕೊಡುವಿಕೆ. ಸರಕು ಆ ಮಾತನ್ನು ಪ್ರತಿಸಲವೂ ಉಳಿಸಿಕೊಂಡರೆ ಸಾಧಾರಣವಾದ ಮುದ್ರೆಯೂ ಕಾಲಕ್ರಮದಲ್ಲಿ ಗೌರವ ಪಡೆಯುವುದು. ಉಳಿಸಿಕೊಳ್ಳದಿದ್ದರೆ ಎಷ್ಟೇ ಸೊಗಸಾದ ಮುದ್ರೆಯೂ ಎಚ್ಚರಿಕೆಯ ಗುರುತಾಗಿ ಪರಿಣಮಿಸುವುದು. ಶರಭವು ಮನೆಮಾತಾದುದಕ್ಕೆ ಅದರ ರೂಪದಷ್ಟೇ ಡಬ್ಬಿಯೊಳಗಿನ ಗಂಧವೂ ಕಾರಣ. ಕೆಂಗಲ್ಲೆಂಬ ಹೆಸರು ನಿಂತುದು ಕಲ್ಲು ನಿಜವಾಗಿಯೂ ಕೆಂಪಾಗಿದ್ದುದರಿಂದ. ಗುರುತನ್ನು ರಚಿಸಹೊರಟ ಯಾರೇ ಆಗಲಿ, ಲೇಖನಿಯನ್ನು ಹಿಡಿಯುವ ಮೊದಲು ಆ ಕಲ್ಲನ್ನು ಒಮ್ಮೆ ನೆನೆಯುವುದು ಒಳ್ಳೆಯದು.