ಹೊಲದ ದಾರಿಯ ಮುಳ್ಳು, ಗಾಡಿಯ ಬಣ್ಣ



ಹೊಳಲ್ಕೆರೆ ತಾಲ್ಲೂಕಿನ ತಾಳ್ಯ ಹೋಬಳಿಯಲ್ಲಿ ಹೊಲಕ್ಕೆ ಹೋಗುವ ಬಂಡಿದಾರಿಗಳು ಎತ್ತಿನ ಗಾಡಿಯ ಕಾಲದವು. ಮರದ ಗಾಡಿಗೆ ಮುಳ್ಳು ಗೀರಿದರೆ ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಈಗ ಅದೇ ದಾರಿಯಲ್ಲಿ ಟ್ರ್ಯಾಕ್ಟರ್, ಗೂಡ್ಸ್ ಆಟೋ, ಮೋಟಾರ್ ಸೈಕಲ್ ಓಡಾಡಬೇಕು. ಗಾಡಿ ಅಗಲವಾಯಿತು, ಅನೇಕ ಕಡೆ ದಾರಿ ಮಾತ್ರ ಕಿರಿದಾಯಿತು. ಎರಡು ಬದಿಯ ಬಳ್ಳಾರಿ ಜಾಲಿ ಮತ್ತು ಲಂಟಾನದ ಪೊದೆಗಳು ಗಾಡಿಯ ಮೈಯನ್ನು ಉಜ್ಜದೆ ಬಿಡುವುದಿಲ್ಲ. ಸಾಲ ಮಾಡಿ ತಂದ ಗಾಡಿ, ಕಂತು ತೀರುವ ಮೊದಲೇ ಹಳೆಯದಾಗಿ ಕಾಣುತ್ತದೆ. ಇದನ್ನು ತಡೆಯುವ ಬಗೆಯನ್ನು ಈ ಪಾಠದಲ್ಲಿ ತಿಳಿಯೋಣ.

ಬಣ್ಣವು ಅಂದಕ್ಕೆ ಮಾತ್ರವಲ್ಲ

ಕಬ್ಬಿಣಕ್ಕೆ ನೀರೂ ಗಾಳಿಯೂ ಒಟ್ಟಿಗೆ ತಗುಲಿದರೆ ತುಕ್ಕು ಹಿಡಿಯುತ್ತದೆ. ಇವೆರಡನ್ನೂ ದೂರವಿಡುವುದೇ ಬಣ್ಣದ ಮುಖ್ಯ ಕೆಲಸ. ಆದರೆ ಈ ಹೊದಿಕೆ ಬಹಳ ತೆಳುವು. ಸಾಮಾನ್ಯ ಕಾರಿನಲ್ಲಿ ತಳದ ಪ್ರೈಮರ್, ಬಣ್ಣ, ಮೇಲಿನ ಪಾರದರ್ಶಕ ಪದರ ಎಲ್ಲವೂ ಸೇರಿದರೂ ದಪ್ಪ ಸುಮಾರು ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗ ಮಾತ್ರ. ಒಣಗಿದ ಮುಳ್ಳಿಗೆ ಇದು ಹೆಚ್ಚೇನೂ ಅಲ್ಲ.

ಒಮ್ಮೆ ತಗಡು ಕಂಡರೆ ತುಕ್ಕು ಅಷ್ಟಕ್ಕೇ ನಿಲ್ಲದು. ಪಕ್ಕದ ಬಣ್ಣದ ಅಡಿಗೂ ನುಗ್ಗಿ ಅದನ್ನು ಮೇಲೆಬ್ಬಿಸುತ್ತದೆ. ಟ್ರೈಲರಿನಲ್ಲಿ ಗೊಬ್ಬರ ಸಾಗಿಸುವವರು ಇನ್ನೂ ಎಚ್ಚರದಿಂದಿರಬೇಕು. ಪೊಟ್ಯಾಷ್ ಗೊಬ್ಬರವು ಒಂದು ಬಗೆಯ ಉಪ್ಪು; ಅದು ಗೀರಿನಲ್ಲಿ ನಿಂತರೆ ತುಕ್ಕು ಬೇಗ ಬೆಳೆಯುತ್ತದೆ.

ದಾರಿ ಮುಚ್ಚುವುದು ಏಕೆ?

ಬಳ್ಳಾರಿ ಜಾಲಿ ನಮ್ಮ ನಾಡಿನ ಗಿಡವಲ್ಲ. ಅಮೆರಿಕ ಖಂಡದ ಈ ಗಿಡವನ್ನು 1870ರ ದಶಕದಲ್ಲಿ ಸೌದೆಗೂ ಬರಡು ನೆಲದ ಹಸಿರಿಗೂ ಆಗಲೆಂದು ಭಾರತಕ್ಕೆ ತಂದರು. ಇದರ ಸಿಹಿಯಾದ ಕಾಯನ್ನು ದನ, ಕುರಿ, ಮೇಕೆಗಳು ಇಷ್ಟಪಟ್ಟು ತಿನ್ನುತ್ತವೆ. ಗಟ್ಟಿಯಾದ ಬೀಜ ಹೊಟ್ಟೆಯಲ್ಲಿ ಅರಗದೆ ಸಗಣಿ, ಹಿಕ್ಕೆಯೊಡನೆ ಹೊರಬೀಳುತ್ತದೆ. ದನಕುರಿ ನಡೆಯುವುದು ಬಂಡಿದಾರಿಯಲ್ಲೇ ಅಲ್ಲವೇ? ಹೀಗೆ ದಾರಿಯ ಅಂಚಿಗೆ ಬೀಜ ಬಿತ್ತಿ, ಗೊಬ್ಬರವನ್ನೂ ಹಾಕಿದವರು ನಾವೇ ಆದೆವು.

ಇನ್ನೊಂದು ತಪ್ಪೂ ನಮ್ಮಿಂದ ಆಗುತ್ತದೆ. ಗಾಡಿಗೆ ಅಡ್ಡ ಬಂದ ಜಾಲಿಯನ್ನು ಮಚ್ಚಿನಿಂದ ಮೊಣಕಾಲೆತ್ತರಕ್ಕೆ ಕಡಿದು ಹೋಗುತ್ತೇವೆ. ಒಂದು ಕಾಂಡವಿದ್ದ ಕಡೆ ನಾಲ್ಕಾರು ಚಿಗುರೊಡೆದು, ಪೊದೆ ಮೊದಲಿಗಿಂತ ಅಗಲವಾಗುತ್ತದೆ. ಓರೆಯಾಗಿ ಕಡಿದ ಮೋಟು ಟೈರಿಗೂ ಕಾಲಿಗೂ ಈಟಿಯಾಗಿ ನಿಲ್ಲುತ್ತದೆ.

ದಾರಿ ಬಿಡಿಸುವ ಕ್ರಮ

ಭರಣಿ, ಕೃತ್ತಿಕೆ ಮಳೆಗೆ ನೆಲ ಮೆದುವಾದಾಗ ಈ ಕೆಲಸ ಸುಲಭ. ಎಳೆಯ ಸಸಿಗಳನ್ನು ಬೇರುಸಹಿತ ಕಿತ್ತುಬಿಡಿ. ದೊಡ್ಡ ಗಿಡದ ಬುಡವನ್ನು ಪಿಕಾಸಿಯಿಂದ ಸುಮಾರು ಒಂದು ಅಡಿ ಆಳದವರೆಗೆ ಅಗೆದು ತೆಗೆಯಬೇಕು. ಚಿಗುರುವ ಕಣ್ಣುಗಳು ಇರುವುದು ಮೇಲಿನ ಈ ಭಾಗದಲ್ಲೇ. ಕಡಿದ ಮುಳ್ಳುಕೊಂಬೆಯನ್ನು ದಾರಿಯಲ್ಲಿ ಬಿಡಬೇಡಿ. ಕಾಯನ್ನು ಮೇವಿಗೆ ಕೊಡುವವರು ಬೀಜ ಉಳಿಯದಂತೆ ಪುಡಿಮಾಡಿಸಿ ಕೊಡಿ.

ಇದು ಒಬ್ಬರಿಂದ ಆಗುವ ಕೆಲಸವಲ್ಲ. ಆ ದಾರಿಯನ್ನು ಬಳಸುವ ಹೊಲದವರೆಲ್ಲ ಒಂದು ದಿನ ಗೊತ್ತುಮಾಡಿ, ಮನೆಗೊಬ್ಬರಂತೆ ಬನ್ನಿ. ಬದುವಿನ ವಿಷಯದಲ್ಲಿ ಮಾತು ಬೆಳೆಯುವಂತಿದ್ದರೆ ಗ್ರಾಮದ ನಕಾಶೆಯನ್ನು ಮೊದಲೇ ನೋಡಿಸಿ, ಆಮೇಲೆ ಗುದ್ದಲಿ ಎತ್ತಿ. 'ನಮ್ಮ ಹೊಲ ನಮ್ಮ ದಾರಿ' ಎಂಬ ಹೆಸರಿನಲ್ಲಿ ಉದ್ಯೋಗ ಖಾತರಿಯಡಿ ಹೊಲದ ದಾರಿಗಳನ್ನು ಮಾಡಿಸಿದ ಗ್ರಾಮಗಳುಂಟು. ನಿಮ್ಮ ದಾರಿಗೆ ಈಗ ಯಾವ ಯೋಜನೆಯಲ್ಲಿ ಅವಕಾಶವಿದೆ ಎಂಬುದನ್ನು ಗ್ರಾಮ ಪಂಚಾಯತಿಯಲ್ಲಿ ವಿಚಾರಿಸಿ.

ಮುಳ್ಳುದಾರಿಯಲ್ಲಿ ಗಾಡಿ ನಡೆಸುವಾಗ

ದಾರಿ ಸರಿಹೋಗುವವರೆಗೆ ನಿಧಾನವೇ ಮದ್ದು. ಕೊಂಬೆ ಮೆಲ್ಲಗೆ ತಗುಲಿದರೆ ಬಾಗುತ್ತದೆ. ವೇಗವಾಗಿ ತಗುಲಿದರೆ ಗೀರುತ್ತದೆ. ಇಕ್ಕಟ್ಟಿನಲ್ಲಿ ಗಾಡಿ ನಿಲ್ಲಿಸಿ, ಕನ್ನಡಿ ಮಡಚಿ, ಒಬ್ಬರು ಮುಂದೆ ನಡೆದು ಕೊಂಬೆ ಸರಿಸಲಿ. ಮಳೆ ಬಂದ ಮಾರನೆಯ ದಿನ ನೀರಿನ ಭಾರಕ್ಕೆ ಕೊಂಬೆಗಳು ಕೆಳಗೆ ಬಾಗಿರುತ್ತವೆಂಬುದು ನೆನಪಿರಲಿ. ಸದಾ ಉಜ್ಜುವ ಮಡ್‌ಗಾರ್ಡಿನ ಅಂಚಿಗೆ ಪಾರದರ್ಶಕ ಅಂಟುಹಾಳೆ ಹಚ್ಚಿಸಬಹುದು. ಧೂಳು ತುಂಬಿದ ಗಾಡಿಗೆ ಟಾರ್ಪಾಲು ಬಿಗಿದು ಓಡಿಸಬೇಡಿ. ಅದು ಅಲುಗಿ ಅಲುಗಿ ಬಣ್ಣವನ್ನು ತಾನೇ ತೇಯುತ್ತದೆ.

ಬಣ್ಣಕ್ಕಿಂತ ಮುಖ್ಯವಾದ ಮಾತೊಂದಿದೆ. ಟ್ರ್ಯಾಕ್ಟರ್ ತಳ್ಳಿದ ಕೊಂಬೆ ಹಿಂದಕ್ಕೆ ಚಿಮ್ಮಿದಾಗ ಟ್ರೈಲರಿನಲ್ಲಿ ಕುಳಿತವರ ಮುಖಕ್ಕೆ ಬಡಿಯುತ್ತದೆ. ಇಂಥ ದಾರಿಯಲ್ಲಿ ಮಡ್‌ಗಾರ್ಡಿನ ಮೇಲೆ ಮಕ್ಕಳನ್ನು ಕೂರಿಸಲೇಬೇಡಿ. ಟ್ರೈಲರಿನಲ್ಲಿ ಜನರನ್ನು ತುಂಬಬೇಡಿ. ಕಣ್ಣಿಗೆ ಮುಳ್ಳು ಅಥವಾ ಎಲೆ ತಗುಲಿದರೆ ಉಜ್ಜಬಾರದು. ಎಲೆಯ ರಸ, ಎದೆಹಾಲು ಬಿಡಬಾರದು. ಅಂಥ ಗಾಯದಲ್ಲಿ ಬೂಷ್ಟಿನ ಸೋಂಕು ಸೇರಿ ದೃಷ್ಟಿಯೇ ಹೋಗಬಹುದು. ಅದೇ ದಿನ ಕಣ್ಣಿನ ವೈದ್ಯರಿಗೆ ತೋರಿಸತಕ್ಕದ್ದು. ಗಾಡಿಗೆ ಮತ್ತೆ ಬಣ್ಣ ಬಳಿಸಬಹುದು. ಹೋದ ಕಣ್ಣನ್ನು ತರುವುದು ಸುಲಭವಲ್ಲ.

ತೊಳೆಯುವ ಬಗೆ

ಎಷ್ಟೋ ಗೀರುಗಳು ಮುಳ್ಳಿನಿಂದಲ್ಲ, ನಮ್ಮ ಕೈಯ ಬಟ್ಟೆಯಿಂದಲೇ ಆಗುತ್ತವೆ. ಧೂಳಿನಲ್ಲಿ ಮರಳಿನ ಕಣಗಳಿರುತ್ತವೆ. ಅವು ಬಣ್ಣಕ್ಕಿಂತ ಗಟ್ಟಿ. ಒಣಬಟ್ಟೆಯಿಂದ ಒರೆಸುವುದೂ ಉಪ್ಪುಕಾಗದದಿಂದ ಉಜ್ಜುವುದೂ ಹೆಚ್ಚುಕಡಮೆ ಒಂದೇ. ಮೊದಲು ಧಾರಾಳವಾಗಿ ನೀರು ಸುರಿದು ಧೂಳನ್ನು ಇಳಿಸಿ. ಅನಂತರ ಮೆತ್ತನೆಯ ಬಟ್ಟೆಗೆ ಸೌಮ್ಯವಾದ ಸೋಪಿನ ನೀರು ಹಾಕಿ, ಮೇಲಿನಿಂದ ಕೆಳಕ್ಕೆ ತೊಳೆಯಿರಿ. ಬಟ್ಟೆಯನ್ನು ಬೇರೊಂದು ಬಕೆಟ್ಟಿನ ನೀರಿನಲ್ಲಿ ಆಗಾಗ ಜಾಲಿಸಿ. ಹೊಳಪಿಗಾಗಿ ಡೀಸೆಲ್ ಒರೆಸುವ ರೂಢಿಯನ್ನು ಬಿಡಿ. ಆ ಜಿಡ್ಡು ಧೂಳನ್ನು ಹಿಡಿಯುತ್ತದೆ, ರಬ್ಬರನ್ನು ಕೆಡಿಸುತ್ತದೆ. ಬದಲಾಗಿ ಮೂರು ನಾಲ್ಕು ತಿಂಗಳಿಗೊಮ್ಮೆ ಗಾಡಿಯ ವ್ಯಾಕ್ಸ್ ಹಚ್ಚಿ. ಸಣ್ಣ ಉಜ್ಜುವಿಕೆಯನ್ನು ಅದು ತಾಳಿಕೊಳ್ಳುತ್ತದೆ.

ಗೀರು ಬಿದ್ದರೆ

ಗೀರಿನ ಮೇಲೆ ನೀರು ಸವರಿ ನೋಡಿ. ಕಾಣದಂತಾದರೆ ಅದು ಮೇಲಿನ ಪದರದ್ದು, ಪಾಲಿಶ್ ಸಾಕು. ಉಗುರು ಆಡಿಸಿದಾಗ ಸಿಕ್ಕಿಕೊಂಡರೆ ಆಳವಾಗಿದೆ. ತಗಡು ಹೊಳೆಯುತ್ತಿದ್ದರೆ ತಡಮಾಡಬಾರದು. ಆ ಜಾಗವನ್ನು ತೊಳೆದು, ಪೂರ್ಣ ಒಣಗಿಸಿ, ತುಕ್ಕಿದ್ದರೆ ಉಪ್ಪುಕಾಗದದಿಂದ ತೆಗೆದು, ಪುಡಿಯನ್ನು ಒರೆಸಿ. ರೆಡ್ ಆಕ್ಸೈಡ್ ಅಥವಾ ಬೇರೆ ಪ್ರೈಮರ್ ತೆಳುವಾಗಿ ಹಚ್ಚಿ. ಅದು ಒಣಗಿದ ಮೇಲೆ ಗಾಡಿಯ ಬಣ್ಣವನ್ನು ಎರಡು ತೆಳು ಲೇಪವಾಗಿ ಕೊಡಿ. ಒಂದೇ ಸಲ ದಪ್ಪಗೆ ಬಳಿದರೆ ಇಳಿದುಬರುತ್ತದೆ. ತುಕ್ಕಿನ ಮೇಲೆಯೇ ಬಣ್ಣ ಬಳಿದರೆ, ಒಳಗೆ ಹುಳುಕು ಇಟ್ಟುಕೊಂಡು ಮೇಲೆ ಸುಣ್ಣ ಹೊಡೆದಂತೆ.

ಕೊನೆಯದಾಗಿ, ಬಾಂಧವರೇ, ಗಾಡಿಯ ಬಣ್ಣವನ್ನು ಗಾಡಿಯ ಹತ್ತಿರ ನಿಂತು ಕಾಯುವುದು ಅರ್ಧ ಕೆಲಸ, ಉಳಿದರ್ಧ ದಾರಿಯಲ್ಲಿದೆ. ಒಬ್ಬರು ಎಷ್ಟು ಮೇಣ ಹಚ್ಚಿದರೂ ಜಾಲಿಗೆ ಅದು ತಿಳಿಯದು. ಹತ್ತು ಮನೆಯವರು ಒಂದು ದಿನ ಬೆವರು ಸುರಿಸಿ ದಾರಿ ಬಿಡಿಸಿದರೆ ಹತ್ತು ಗಾಡಿಗಳೂ ಉಳಿಯುತ್ತವೆ. ಮುಂದಿನ ಮಳೆಗೆ ಮೊದಲು ನಿಮ್ಮ ಹೊಲದ ದಾರಿಯಲ್ಲಿ ಒಮ್ಮೆ ನಡೆದು ನೋಡಿ, ಎಲ್ಲೆಲ್ಲಿ ಬುಡ ಕೀಳಬೇಕೆಂದು ಗುರುತುಮಾಡಿ, ನೆರೆಯ ಹೊಲದವರೊಡನೆ ಮಾತನಾಡಿ.